ಕಾಲುಚೀಲ ತೊಟ್ಟ ಬಾಟಲಿಗಳು

ಸೆಪ್ಟೆಂಬರ್ 3, ಬುಧವಾರ

ಇವತ್ತಿನಿಂದ ಅತ್ತೆ ಮನೆ ವಾಸ. ನಲವತ್ತೆರಡು ದಿನ.

ನಮ್ಮ ಮನೆಯ ಗೋಡೆಯೊಳಗಿನ ಪೈಪುಗಳೆಲ್ಲ ಹಾಳಾಗಿವೆ, ಕಿತ್ತು ಹೊಸದು ಹಾಕಬೇಕು, ಆರು ವಾರ ಬೇರೆಲ್ಲಾದರೂ ಇರಿ ಎಂದು ಪ್ಲಂಬರ್ ಇವಳಿಗೆ ಹೇಳಿದನಂತೆ. ಬೇರೆಲ್ಲಾದರೂ ಎಂದರೆ ಲಾಡ್ಜು ಎಂದು ನಾನು ಅಂದುಕೊಂಡೆ. ತವರುಮನೆ ಎಂದು ನನ್ನ ಹೆಂಡತಿ ಅಂದುಕೊಂಡಳು. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ನಾನು ಅಂದುಕೊಂಡ ಹಾಗೆ ಆಗಿರುವುದು ಎರಡೇ ಸಲ, ಆ ಎರಡು ಸಲವೂ ಅವಳಿಗೆ ಜ್ವರ ಬಂದಿತ್ತು.

ಅತ್ತೆಯದು ವೈನ್ ಅಂಗಡಿ. ಕೆಳಗೆ ಅಂಗಡಿ, ಅದರಡಿಯಲ್ಲಿ ನೆಲಮಾಳಿಗೆ, ಮೇಲೆ ಮನೆ. ಮಾವನವರು ತೀರಿಕೊಂಡು ಹದಿನಾರು ವರ್ಷವಾಯಿತು. ಅಂದಿನಿಂದ ಅತ್ತೆಯೊಬ್ಬರೇ ನಡೆಸುತ್ತಿದ್ದಾರೆ. ಅವರು ನನ್ನನ್ನು ಕರೆಯುವುದು ‘ಅಳಿಯಂದಿರು’ ಎಂದು. ಅಳಿಯಂದಿರು ಎದ್ರಾ, ಅಳಿಯಂದಿರಿಗೆ ಇನ್ನೊಂದು ದಿಂಬು ಬೇಕಾ, ಅಳಿಯಂದಿರು ಲೈಟ್ ಆರಿಸದೆ ಹೋದ್ರಾ. ಮರ್ಯಾದೆ ಇಷ್ಟು ಜಾಸ್ತಿಯಾದರೆ ನನಗೆ ಭಯವಾಗುತ್ತದೆ. ಎದುರಿಗೆ ಉತ್ತರ ಕೊಡುವ ಧೈರ್ಯವಿಲ್ಲ, ಅದಕ್ಕೇ ಈ ನೋಟ್‌ಬುಕ್ಕು. ಆಸ್ಪತ್ರೆಗೆ ಸ್ಯಾಂಪಲ್ ಎಂದು ಬಂದದ್ದು. ಕಾಗದ ತೆಳು ಎಂದು ನಾನೇ ತಿರಸ್ಕರಿಸಿದ್ದೆ. ಈಗ ಅದೇ ಗತಿಯಾಯಿತು.

ಸೆಪ್ಟೆಂಬರ್ 4, ಗುರುವಾರ

ಇನ್ನು ನಲವತ್ತೊಂದು.

ಸಂಜೆ ಅಂಗಡಿಯಲ್ಲಿ ಸುಮ್ಮನೆ ಕೂರಲಾರದೆ ಒಂದು ಬಾಟಲಿಯ ಬೆಲೆ ಕೇಳಿದೆ. ಅತ್ತೆ ಹೇಳಿದರು. ಆ ಬೆಲೆಗೆ ಆಸ್ಪತ್ರೆಯ ವಾರ್ಡಿಗೆ ಎರಡು ಹಾಸಿಗೆ ಬರುತ್ತವೆ, ಐದು ವರ್ಷದ ಗ್ಯಾರಂಟಿಯ ಜೊತೆ. ಇಪ್ಪತ್ತೆರಡು ವರ್ಷದಿಂದ ನಾನು ಆಸ್ಪತ್ರೆಯ ಖರೀದಿ ವಿಭಾಗದಲ್ಲಿದ್ದೇನೆ. ಸೂಜಿಯಿಂದ ಆಲೂಗಡ್ಡೆಯವರೆಗೆ ಏನೇ ಕೊಳ್ಳಲಿ, ಮೂರು ಕಡೆಯಿಂದ ದರಪಟ್ಟಿ ತರಿಸದೆ ಸಹಿ ಹಾಕಿದವನಲ್ಲ. ಹಾಸಿಗೆಯ ಮಾತು ಬಾಯಿತಪ್ಪಿ ಬಂದುಬಿಟ್ಟಿತು. ‘ಅಳಿಯಂದಿರು ಹಾಸಿಗೇನೇ ಕುಡೀಲಿ’ ಎಂದು ಅತ್ತೆ ಅತ್ತ ತಿರುಗಿದರು.

ಆಮೇಲೆ ಇವಳು ಕೂರಿಸಿಕೊಂಡು ವಿವರಿಸಿದಳು. ಫ್ರಾನ್ಸಿನ ಬೋರ್ಡೋ ಕಡೆಯ ಅರವತ್ತು ಚಿಲ್ಲರೆ ದ್ರಾಕ್ಷಿ ತೋಟಗಳಿಗೆ ಒಂದರಿಂದ ಐದರವರೆಗೆ ದರ್ಜೆ ಕೊಟ್ಟಿದ್ದಾರಂತೆ. ಕೊಟ್ಟದ್ದು 1855ರಲ್ಲಿ. ಕೊಟ್ಟವರು ಆ ಊರಿನ ದಲ್ಲಾಳಿಗಳು. ಯಾವ ತೋಟದ ವೈನು ಆಗ ಎಷ್ಟಕ್ಕೆ ಮಾರಾಟವಾಗುತ್ತಿತ್ತು ಎಂಬುದೇ ಅಳತೆಗೋಲು. ಆಮೇಲೆ ಆ ಪಟ್ಟಿಯನ್ನು ಹೆಚ್ಚುಕಡಿಮೆ ಯಾರೂ ಮುಟ್ಟಿಲ್ಲವಂತೆ. ನಾನು ಬೆಪ್ಪಾದೆ. ನೂರ ಎಪ್ಪತ್ತು ವರ್ಷ ಹಳೆಯ ದರಪಟ್ಟಿ! ಆರು ತಿಂಗಳು ಹಳೆಯ ದರಪಟ್ಟಿ ಹಿಡಿದುಕೊಂಡು ಬಂದವನನ್ನು ನಾನು ಗೇಟಿನಿಂದಲೇ ವಾಪಸ್ ಕಳಿಸುತ್ತೇನೆ.

ಅದೇ ಕಾರಣಕ್ಕೆ ಅಮ್ಮನ ಪಟ್ಟಿಗೆ ಅಷ್ಟು ಬೆಲೆ ಎಂದಳು ಇವಳು. ಐದನೇ ದರ್ಜೆಯಲ್ಲಿದ್ದುಕೊಂಡು ಎರಡನೇ ದರ್ಜೆಯ ಕೆಲಸ ಮಾಡುವ ತೋಟಗಳಿವೆ, ಎರಡನೇ ದರ್ಜೆಯ ಬೆಲೆ ತೆಗೆದುಕೊಂಡು ನಿದ್ದೆ ಮಾಡುವ ತೋಟಗಳೂ ಇವೆ. ಪ್ರತಿ ಅಕ್ಟೋಬರಿನಲ್ಲಿ ಅತ್ತೆ ಇಪ್ಪತ್ತನಾಲ್ಕು ಬಾಟಲಿ ರುಚಿ ನೋಡಿ, ಕೊಟ್ಟ ದುಡ್ಡಿಗೆ ಮೋಸವಿಲ್ಲದ ಹನ್ನೆರಡನ್ನು ಆರಿಸಿ ಒಂದು ಹಾಳೆ ಅಚ್ಚು ಹಾಕಿಸುತ್ತಾರೆ. ಗಿರಾಕಿಗಳು ಆ ಹಾಳೆ ನೋಡಿ ಕಣ್ಣುಮುಚ್ಚಿ ಕೊಳ್ಳುತ್ತಾರೆ. ಆದರೆ ಏಪ್ರಿಲ್‌ನಲ್ಲಿ ತೆಗೆದ ಚಿಕ್ಕ ಪಟ್ಟಿ ಎಡವಟ್ಟಾಯಿತಂತೆ. ಇಪ್ಪತ್ತು ವರ್ಷದ ಗಿರಾಕಿಯಾದ ಹಲ್ಲಿನ ಡಾಕ್ಟರು ಒಂದು ಪೆಟ್ಟಿಗೆ ಪೂರ್ತಿ ವಾಪಸ್ ತಂದಿಟ್ಟು, ಏನೂ ಹೇಳದೆ ಹೋದರಂತೆ. ಎದುರು ರಸ್ತೆಯಲ್ಲಿ ಗಾಜಿನ ದೊಡ್ಡ ಅಂಗಡಿ ಬೇರೆ ಬಂದಿದೆ. ಅಕ್ಟೋಬರಿನ ಹಾಳೆಯೂ ತಪ್ಪಾದರೆ ಅಂಗಡಿ ಮುಚ್ಚುತ್ತೇನೆ ಎಂದು ಅತ್ತೆಯೇ ಹೇಳಿದ್ದಾರೆ. ಹೇಳುವಾಗ ಇವಳ ಮುಖ ಸಣ್ಣದಾಗಿತ್ತು.

ಸೆಪ್ಟೆಂಬರ್ 6, ಶನಿವಾರ

ಮೂವತ್ತೊಂಬತ್ತು. ಇವತ್ತು ಒಂದು ಒಳ್ಳೆಯ ಕೆಲಸ ಮಾಡಿದೆ.

ನೆಲಮಾಳಿಗೆಯ ಮೂಲೆಯಲ್ಲಿ ಒಂದು ಬುಟ್ಟಿ ತುಂಬ ಉದ್ದನೆಯ ಉಣ್ಣೆ ಕಾಲುಚೀಲಗಳಿದ್ದವು. ಒಂದೊಂದೂ ಒಂದೊಂದು ಬಣ್ಣ, ಎಲ್ಲದರ ಮೇಲೂ ಕೆಂಪು ಕಲೆ. ಹೆಸರು ಕಾಣದ ಹಾಗೆ ಬಾಟಲಿಗೆ ತೊಡಿಸುವುದಕ್ಕೆ ಇವು. ಹೆಸರು ಕಂಡರೆ ನಾಲಿಗೆ ಸುಳ್ಳು ಹೇಳುತ್ತದಂತೆ. ಈ ಮಾತು ನನಗೆ ಹಿಡಿಸಿತು, ಟೆಂಡರ್ ಲಕೋಟೆಯೂ ಹಾಗೆಯೇ. ಬಟ್ಟೆ ಒಗೆಯುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ಇಪ್ಪತ್ತನಾಲ್ಕು ಕಾಲುಚೀಲಗಳನ್ನೂ ಮಷೀನಿಗೆ ಹಾಕಿ, ಗುಲಾಬಿ ಪರಿಮಳದ ಲಿಕ್ವಿಡ್ಡನ್ನು ಎರಡು ಮುಚ್ಚಳ ಸುರಿದು, ಒಣಗಿಸಿ, ಮಡಿಸಿ ಇಟ್ಟೆ. ಯಾರಿಗೂ ಹೇಳಲಿಲ್ಲ. ಅವರಾಗಿಯೇ ಕಂಡುಹಿಡಿದು ಹೊಗಳಲಿ.

ಸೆಪ್ಟೆಂಬರ್ 9, ಮಂಗಳವಾರ

ಅತ್ತೆಗೆ ತಲೆಬಾಗಿದೆ. ಎಷ್ಟಾದರೂ ಅನುಭವ ಅನುಭವವೇ.

ಇವತ್ತು ಆರು ಬಾಟಲಿಯ ಅಭ್ಯಾಸ. ಗ್ಲಾಸಿಗೆ ಬಗ್ಗಿಸಿ ಕೊಡುವುದು ನನ್ನ ಕೆಲಸ, ಯಾಕೆಂದರೆ ಹೆಸರು ಕಂಡರೂ ನನಗೆ ಏನೂ ಗೊತ್ತಾಗುವುದಿಲ್ಲ. ಬಾಗಿಲು ಹಾಕಿದ ಆ ಚಿಕ್ಕ ಕೋಣೆಯಲ್ಲಿ ಕಾಲುಚೀಲಗಳ ಗುಲಾಬಿ ವಾಸನೆ ಹೇಗೆ ತುಂಬಿತ್ತೆಂದರೆ ನನಗೆ ಎರಡು ಸಲ ಸೀನು ಬಂತು. ಬಾಟಲಿ ಹಿಡಿದ ನನ್ನ ಕೈಯಿಂದ ಗ್ಲಾಸಿನ ಕಾಲಿನವರೆಗೆ ಗುಲಾಬಿ. ಹೊಗಳಿಕೆ ಬದಿಗಿರಲಿ, ಇವತ್ತು ಗ್ರಹಚಾರ ಬಿಡಿಸುತ್ತಾರೆ ಎಂದು ಕಾದು ನಿಂತೆ. ಅತ್ತೆ ಗ್ಲಾಸು ತಿರುಗಿಸಿ, ಕಣ್ಣುಮುಚ್ಚಿ, ಉದ್ದಕ್ಕೆ ಉಸಿರೆಳೆದು, ‘ಕಪ್ಪು ಹಣ್ಣು, ಒಂಚೂರು ದೇವದಾರು. ಶುದ್ಧವಾಗಿದೆ’ ಎಂದು ಬರೆದುಕೊಂಡರು. ಆರಕ್ಕೂ ಹೀಗೆಯೇ. ಗುಲಾಬಿಯ ಸುದ್ದಿಯೇ ಇಲ್ಲ.

ಆ ಗುಲಾಬಿಯನ್ನು ಸೀಳಿಕೊಂಡು ಒಳಗಿನ ದೇವದಾರು ಹಿಡಿಯುವ ಮೂಗು! ನಾನಂತೂ ಕಣ್ಣು ಬಾಯಿ ಬಿಟ್ಟುಕೊಂಡು ನೋಡಿದೆ.

ಸೆಪ್ಟೆಂಬರ್ 10, ಬುಧವಾರ

ಊಟಕ್ಕೆ ಕೂತಾಗ ಇವಳು ಹಳೆಯ ಕಥೆ ತೆಗೆದಳು. ಒಮ್ಮೆ ರುಚಿ ನೋಡುವ ದಿನ ಬ್ಯಾಂಕಿನ ಮ್ಯಾನೇಜರು ಸೆಂಟು ಹಾಕಿಕೊಂಡು ಬಂದಿದ್ದರಂತೆ. ಆ ವಾರ ಸಾಲ ಮಂಜೂರು ಮಾಡಬೇಕಾದ ಮನುಷ್ಯ. ಅತ್ತೆ ಮೆಟ್ಟಿಲ ಮೇಲಿಂದಲೇ, ಸ್ನಾನ ಮಾಡಿಕೊಂಡು ಬನ್ನಿ ಎಂದು ವಾಪಸ್ ಕಳಿಸಿದ್ದರಂತೆ. ಅತ್ತೆಯೂ ನಕ್ಕರು, ನಾನೂ ನಕ್ಕೆ. ನಗುವಿನ ಮಧ್ಯೆ ನನಗೆ ಹೊಳೆಯಿತು. ಗುಲಾಬಿಯನ್ನು ಅವರು ಸೀಳಲಿಲ್ಲ. ಅವರಿಗೆ ಗುಲಾಬಿ ಗೊತ್ತೇ ಆಗಿಲ್ಲ.

ಸೆಪ್ಟೆಂಬರ್ 13, ಶನಿವಾರ

ಬೆಳಿಗ್ಗೆ ಇವಳು ಮಾರ್ಕೆಟ್ಟಿಗೆ ಹೋಗಿದ್ದಳು. ಮೆಟ್ಟಿಲು ಹತ್ತುತ್ತಿದ್ದ ಹಾಗೆ ಹಾಲು ಸೀದ ವಾಸನೆ ಮೂಗಿಗೆ ಬಡಿಯಿತು. ಓಡಿ ಬಂದು ನೋಡಿದರೆ, ಒಲೆಗೆ ಬೆನ್ನು ಮಾಡಿ ಮೂರೇ ಮಾರು ದೂರದಲ್ಲಿ ಅತ್ತೆ ಪೇಪರ್ ಓದುತ್ತಾ ಕೂತಿದ್ದಾರೆ. ಪಾತ್ರೆ ಕಪ್ಪಗಾಗಿ ಹೊಗೆ ಏಳುತ್ತಿದೆ. ನಾನು ಒಲೆ ಆರಿಸಿದೆ. ಅತ್ತೆ ತಿರುಗಿ ನೋಡಿ, ಪಾತ್ರೆ ನೋಡಿ, ನನ್ನ ಮುಖ ನೋಡಿದರು. ಯಾವತ್ತೂ ಮಾತಿಗೆ ಕಮ್ಮಿಯಿಲ್ಲದವರು ಪೇಪರನ್ನು ನಾಲ್ಕು ಸಲ ಮಡಿಸಿದರು.

‘ಬಾಗಿಲು ಹಾಕಿ ಕೂತ್ಕೊಳ್ಳಿ. ಫೆಬ್ರವರಿಯಲ್ಲಿ ಜ್ವರ ಬಂತಲ್ಲ, ಅದು ಹೋಗುವಾಗ ಮೂಗನ್ನೂ ತಗೊಂಡು ಹೋಯ್ತು. ನಿಮ್ಮ ಹೆಂಡತಿಗೆ ಹೇಳ್ಬೇಡಿ.’

ಡಾಕ್ಟರು ಏನಂತಾರೆ ಎಂದು ಕೇಳಿದೆ.

‘ವಾಪಸ್ ಬರಬಹುದು ಅಂತಾರೆ, ಬರದೇನೂ ಇರಬಹುದು ಅಂತಾರೆ. ಎರಡಕ್ಕೂ ಫೀಸು ಒಂದೇ.’

ನಾನೂ ಗುಲಾಬಿ ಲಿಕ್ವಿಡ್ಡಿನ ವಿಷಯ ಒಪ್ಪಿಕೊಂಡೆ. ಆ ಕಾಲುಚೀಲಗಳಿಗೆ ಸೋಪು ತೋರಿಸುವ ಹಾಗೇ ಇಲ್ಲವಂತೆ, ಬರೀ ಬಿಸಿನೀರು. ಬೈಯುತ್ತಾರೆ ಎಂದುಕೊಂಡರೆ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅದರಲ್ಲಿ ಎಷ್ಟು ನಗುವಿನದು ಎಷ್ಟು ಅಳುವಿನದು ನನಗೆ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಆ ಹೆಂಗಸಿನ ಮೇಲೆ ಮೊದಲ ಸಲ ಪ್ರೀತಿ ಬಂತು.

ಏಪ್ರಿಲ್ ಪಟ್ಟಿಯನ್ನು ಹಿಂದಿನ ವರ್ಷದ ಟಿಪ್ಪಣಿ ನೋಡಿ ಬರೆದದ್ದಂತೆ. ಈ ಸಲ ಏನು ಮಾಡುತ್ತೀರಿ ಎಂದೆ. ಹಿಂದಿನ ದಿನವೇ ಕಾಲುಚೀಲ ಎತ್ತಿ ಹೆಸರು ನೋಡಿಕೊಂಡು, ದರ್ಜೆ ನೋಡಿ ಅಂಕ ಹಾಕುವುದು, ಬೇರೆ ದಾರಿ ಇಲ್ಲ ಎಂದರು. ನಾನು ಆಸ್ಪತ್ರೆಯಲ್ಲಿ ಮಾತಾಡುವ ಹಾಗೆ ಮಾತಾಡಿಬಿಟ್ಟೆ.

‘ಅದಕ್ಕೆ ನೀವು ಯಾಕೆ ಬೇಕು ಅತ್ತೆ? 1855ರ ದಲ್ಲಾಳಿಗಳೇ ಸಾಕಲ್ಲ.’

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತೆ ನಲ್ಲಿ ತಿರುಗಿಸಿದರು. ಸೀದ ಪಾತ್ರೆಯನ್ನು ಉಜ್ಜುತ್ತಾ ನಿಂತರು. ಹತ್ತು ನಿಮಿಷ ಬಿಟ್ಟು, ಬೆನ್ನು ತಿರುಗಿಸಿಕೊಂಡೇ, ‘ಹಾಲು ಸೀದದ್ದು ಎಷ್ಟನೇ ಮೆಟ್ಟಿಲಲ್ಲಿ ಗೊತ್ತಾಯ್ತು ನಿಮಗೆ?’ ಎಂದರು.

ಮೂರನೇ ಮೆಟ್ಟಿಲು ಎಂದೆ. ಹದಿನೆಂಟು ಮೆಟ್ಟಿಲಿವೆ.

ಸೆಪ್ಟೆಂಬರ್ 15, ಸೋಮವಾರ

ಸೋಪು ಬಂದ್. ಶೇವಿಂಗ್ ಕ್ರೀಮು ಬಂದ್. ಪೌಡರು, ತಲೆಗೆ ಎಣ್ಣೆ ಎಲ್ಲ ಬಂದ್. ಬಾಯಿ ಸುಟ್ಟೀತೆಂದು ಬಿಸಿ ಕಾಫಿ ಕೂಡ ಬಂದ್. ನಾಳೆ ಉಸಿರಾಟವನ್ನೂ ನಿಲ್ಲಿಸುತ್ತಾರೇನೋ.

ಕಾಲುಚೀಲಗಳನ್ನು ಮೂರು ಸಲ ಬರೀ ನೀರಿನಲ್ಲಿ ಕುದಿಸಿ ಗಾಳಿಗೆ ಹಾಕಿದ್ದೇನೆ. ಕಂಡಕಂಡದ್ದನ್ನೆಲ್ಲ ಮೂಸಿ ನೋಡಿ ಹೆಸರಿಡಬೇಕು ಎಂಬುದು ಅಪ್ಪಣೆ. ಆಸ್ಪತ್ರೆಯ ಸ್ಟೋರಿನಲ್ಲಿ ಬೆಂಕಿಕಡ್ಡಿ, ಬೂಟು, ಬ್ಯಾಂಡೇಜು, ಮರದ ಪೆಟ್ಟಿಗೆ ಎಲ್ಲ ಮೂಸಿದೆ. ಸ್ಟೋರ್ ಕೀಪರ್ ಮೂರು ಸಲ ನೋಡಿಯೂ ನೋಡದ ಹಾಗೆ ಹೋದ. ನಾಲ್ಕನೇ ಸಲ ಹತ್ತಿರ ಬಂದು, ಸರ್, ಎರಡು ದಿನ ರಜೆ ಹಾಕಿ ಎಂದ.

ಸೆಪ್ಟೆಂಬರ್ 17, ಬುಧವಾರ

ಇವತ್ತು ನಾಲ್ಕು ಬಾಟಲಿ. ನನಗೆ ತಿಳಿದದ್ದು ಹೇಳುವುದು, ಅತ್ತೆ ಅದನ್ನು ವೈನಿನ ಭಾಷೆಗೆ ತಿರುಗಿಸುವುದು. ಕುಡಿಯುವ ಹಾಗಿಲ್ಲ, ಬಾಯಲ್ಲಿ ಆಡಿಸಿ ಬಕೆಟ್ಟಿಗೆ ಉಗಿಯಬೇಕು. ಎರಡು ಹಾಸಿಗೆಯ ಬೆಲೆಯದ್ದನ್ನು ಉಗಿಯುವಾಗ ನನ್ನ ಕರುಳು ಚುರ್ ಎಂದಿತು.

ಮೊದಲನೆಯದು, ಏನೋ ಹುಳಿಹಣ್ಣು ಎಂದೆ. ಏನೋ ಅನ್ನುವ ಹಣ್ಣು ಯಾವ ಮರದಲ್ಲೂ ಬಿಡುವುದಿಲ್ಲ ಎಂದು ಬೈಸಿಕೊಂಡೆ. ಎರಡನೆಯದು, ಸ್ಟೋರಿನಲ್ಲಿ ಪೈಪು ಒಡೆದು ರಟ್ಟಿನ ಪೆಟ್ಟಿಗೆಗಳು ನೆನೆದಿದ್ದಾಗ ಬಂದ ವಾಸನೆ, ಅದೇ, ಸಾಕ್ಷಾತ್ ಅದೇ. ಅತ್ತೆ ಗ್ಲಾಸನ್ನು ಟಕ್ಕೆಂದು ಕೆಳಗಿಟ್ಟರು. ಅದು ಬಿರಡೆ ಕೆಟ್ಟು ವೈನು ಹಾಳಾದಾಗ ಬರುವ ವಾಸನೆಯಂತೆ. ಏಪ್ರಿಲ್‌ನಲ್ಲಿ ಅಂಥದ್ದೊಂದು ತಮ್ಮ ಕೈಯಿಂದಲೇ ದಾಟಿ ಹೋಯಿತು ಎಂದರು.

ಮೂರನೆಯದನ್ನು ಮೂಸಿದಾಗ ಗೊತ್ತಿರುವ ವಾಸನೆ, ಆದರೆ ಹೆಸರು ಬರುತ್ತಿಲ್ಲ. ಗ್ಲಾಸು ಹಿಡಿದುಕೊಂಡು ಕೋಣೆಯೆಲ್ಲ ಸುತ್ತಿದೆ. ಆಮೇಲೆ ಹೊಳೆಯಿತು: ಶಾಲೆಯಲ್ಲಿ ಪೆನ್ಸಿಲ್ ಚೂಪು ಮಾಡಿ ಸಿಪ್ಪೆಯನ್ನು ಅಂಗೈಯಲ್ಲಿಟ್ಟುಕೊಂಡಾಗ ಬರುವ ವಾಸನೆ. ಹೇಳಿದ ತಕ್ಷಣ ಅತ್ತೆ ಕುರ್ಚಿ ಹಿಡಿದು ಕೂತರು. ‘ಇನ್ನೊಂದ್ಸಲ ಹೇಳಿ. ನಿಧಾನಕ್ಕೆ’ ಎಂದರು. ನಾನು ನಿಧಾನಕ್ಕೆ ಹೇಳಿದೆ. ಮರದ ಸಿಪ್ಪೆ, ಒಳಗಿನ ಕಪ್ಪು ಕಡ್ಡಿಯ ಪುಡಿ, ಹಿಂದೆ ಸ್ವಲ್ಪ ಕಪ್ಪು ಹಣ್ಣು. ಅವರು ಕಣ್ಣುಮುಚ್ಚಿ ಕೇಳಿಸಿಕೊಂಡರು, ಏಳು ತಿಂಗಳಾದ ಮೇಲೆ ಮನೆಗೆ ಬಂದ ಹಾಗಾಯಿತು ಎಂದರು.

ಇನ್ನೆಷ್ಟು ದಿನ ಉಳಿಯಿತು ಎಂದು ಎಣಿಸಲು ಮರೆತಿದ್ದೆ. ನಾಳೆ ಎಣಿಸಿದರಾಯಿತು.

ಸೆಪ್ಟೆಂಬರ್ 20, ಶನಿವಾರ

ಅತ್ತೆಯ ಅಂಕ ಹಾಕುವ ಪದ್ಧತಿಯಲ್ಲಿ ಒಂದು ಲೋಪವಿದೆ, ಹೇಳಿಯೇ ಬಿಟ್ಟೆ. ನೂರಕ್ಕೆ ತೊಂಬತ್ತೆರಡು, ತೊಂಬತ್ತಮೂರು ಎಂದು ಕೊಡುತ್ತಾರೆ. ಅದರಿಂದ ವೈನು ಚೆನ್ನಾಗಿದೆ ಎಂದು ತಿಳಿಯುತ್ತದೆ, ಕೊಳ್ಳಬೇಕೋ ಬೇಡವೋ ಎಂದು ತಿಳಿಯುವುದಿಲ್ಲ. ಆಸ್ಪತ್ರೆಯ ವಿಧಾನ ಬೇರೆ. ಕಾಲುಚೀಲ ಬಿಚ್ಚುವ ಮೊದಲು, ಇದಕ್ಕೆ ನನ್ನ ಜೇಬಿನಿಂದ ಎಷ್ಟು ಕೊಡುತ್ತೇನೆ ಎಂದು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸಬೇಕು. ಆಮೇಲೆ ಅಂಗಡಿಯ ಬೆಲೆಯೊಂದಿಗೆ ಹೋಲಿಸಬೇಕು. ಹೆಚ್ಚಿನವರು ಬರೆದದ್ದು ಬೆಲೆಗಿಂತ ಜಾಸ್ತಿಯಿದ್ದರೆ ಒಳಗೆ, ಕಡಿಮೆಯಿದ್ದರೆ ಹೊರಗೆ.

ಅತ್ತೆ ಅಳೆದೂ ಸುರಿದೂ ನೋಡಿದರು. ‘ನಲವತ್ತು ವರ್ಷದಿಂದ ನನಗಿದು ಹೊಳೀಲಿಲ್ವಲ್ಲೋ’ ಎಂದರು. ಒಪ್ಪಂದವಾಯಿತು. ವಾಸನೆ ನನ್ನದು. ಹುಳಿ, ಒಗರು, ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದು ಅವರದ್ದು. ನನ್ನ ಚೀಟಿ ಬೇರೆ, ಅವರ ಚೀಟಿ ಬೇರೆ, ಒಬ್ಬರದ್ದು ಒಬ್ಬರು ನೋಡುವ ಹಾಗಿಲ್ಲ. ಅಕ್ಟೋಬರ್ ನಾಲ್ಕಕ್ಕೆ ಹಲ್ಲಿನ ಡಾಕ್ಟರೂ ಹೋಟೆಲಿನ ಮುಖ್ಯ ಅಡುಗೆಯವರೂ ರುಚಿ ನೋಡಲು ಬರುತ್ತಾರೆ. ನಾನು ಸುಮ್ಮನೆ ಬಗ್ಗಿಸಿ ಕೊಡುವವನ ಹಾಗೆ ನಿಂತು, ಅತ್ತೆಯ ಗ್ಲಾಸು ಇಡುವಾಗ ಕಿವಿಯಲ್ಲಿ ಒಂದು ಮಾತು ಹೇಳಬೇಕು. ಗುಟ್ಟು ಗುಟ್ಟಾಗಿಯೇ ಇರಬೇಕು.

ಇವಳು ಇತ್ತೀಚೆಗೆ ನಮ್ಮಿಬ್ಬರನ್ನು ನೋಡಿ ಮುಸಿಮುಸಿ ನಗುತ್ತಾಳೆ. ಯಾಕೆಂದು ಕೇಳಿದರೆ ಹೇಳುವುದಿಲ್ಲ.

ಸೆಪ್ಟೆಂಬರ್ 25, ಗುರುವಾರ

ಪ್ಲಂಬರ್ ಫೋನ್ ಮಾಡಿದ್ದ. ಮನೆ ಕೆಲಸ ಮುಗಿಯಿತಂತೆ. ಈಗ ಬಿಡುವಿಲ್ಲ, ಆಮೇಲೆ ಮಾತಾಡುತ್ತೇನೆ ಎಂದೆ. ಆಗ ಮೂರನೇ ದರ್ಜೆಯದ್ದೊಂದು ತೆರೆದಿದ್ದೆವು; ಚರ್ಮದ ವಾಸನೆಯೋ ತೊಗಟೆಯ ವಾಸನೆಯೋ ಎಂದು ಜಗಳ ನಡೆದಿತ್ತು. ತೊಗಟೆಯೇ. ಕೊನೆಗೆ ಅತ್ತೆ ಒಪ್ಪಿದರು.

ಅಕ್ಟೋಬರ್ 4, ಶನಿವಾರ

ಎಲ್ಲವನ್ನೂ ಬರೆಯಬೇಕು, ಒಂದೂ ಬಿಡಬಾರದು.

ಬೆಳಿಗ್ಗೆ ಹತ್ತಕ್ಕೆ ಇಪ್ಪತ್ತನಾಲ್ಕು ಬಾಟಲಿ ಕಾಲುಚೀಲ ತೊಟ್ಟು ಮೇಜಿನ ಮೇಲೆ ಸಾಲಾಗಿ ನಿಂತವು. ಕೊರಳಲ್ಲಿ ನಂಬರಿನ ಚೀಟಿ. ಹಲ್ಲಿನ ಡಾಕ್ಟರು ಶಿಸ್ತಾಗಿ ಬಂದರು. ಅಡುಗೆಯವರು ಈರುಳ್ಳಿ ಮುಟ್ಟದೆ ಎರಡು ದಿನ ರಜೆ ಹಾಕಿ ಬಂದಿದ್ದರು. ಇವಳು ಚೀಟಿ, ಲಕೋಟೆ ಹಂಚಿದಳು. ನನಗೂ ಒಂದು ಕಟ್ಟು ಕೊಟ್ಟಾಗ ಡಾಕ್ಟರು ಹುಬ್ಬೇರಿಸಿದರು. ಅಳಿಯಂದಿರು ಸಾಮಾನ್ಯ ಗಿರಾಕಿಯ ಪ್ರತಿನಿಧಿ ಎಂದು ಅತ್ತೆ ಸುಳ್ಳು ಹೇಳಿದರು.

ಎಂಟನೆಯ ಬಾಟಲಿಯವರೆಗೆ ಸುಸೂತ್ರ. ಗ್ಲಾಸು ಇಡುವಾಗ ನಾನು ಪಿಸುಗುಟ್ಟುವುದು, ಪೆನ್ಸಿಲ್, ಒಣ ಎಲೆ, ಹೊಸ ಬೂಟು. ಅತ್ತೆ ಕಣ್ಣು ಮಿಟುಕಿಸುವುದು. ಒಂಬತ್ತನೆಯದು ಬಂತು. ಎಷ್ಟು ಮೂಸಿದರೂ ಏನೂ ಇಲ್ಲ. ಕೆಟ್ಟಿಲ್ಲ, ಮುಗ್ಗಲಿಲ್ಲ, ಸುಮ್ಮನೆ ಖಾಲಿ. ‘ಏನೂ ಇಲ್ಲ’ ಎಂದು ಪಿಸುಗುಟ್ಟಿದೆ. ಅತ್ತೆ ಬಾಯಿಗೆ ಹಾಕಿಕೊಂಡರು, ಅವರ ಮುಖ ಇದ್ದಕ್ಕಿದ್ದ ಹಾಗೆ ಅರಳಿತು. ಅವರು ಚೀಟಿ ಬರೆದು ಅಂಟಿಸುವುದನ್ನು ನೋಡಿದೆ. ನಾನು ನನಗೆ ಅನಿಸಿದ್ದು ಬರೆದೆ.

ಹದಿನಾಲ್ಕನೆಯದು ಬಂದಾಗ ಮಾತ್ರ ಪಿಸುಗುಟ್ಟುವುದು ಮರೆತು ಗಟ್ಟಿಯಾಗಿಯೇ ‘ಅಯ್ಯಯ್ಯೋ’ ಎಂದುಬಿಟ್ಟೆ. ಪೆನ್ಸಿಲ್, ಕಪ್ಪು ಹಣ್ಣು, ಮಳೆ ನಿಂತ ಮೇಲಿನ ಮಣ್ಣು, ಒಂದರ ಹಿಂದೆ ಒಂದು ಬರುತ್ತಲೇ ಇತ್ತು.

ಮಧ್ಯಾಹ್ನ ಲಕೋಟೆ ಒಡೆಯುವ ಕೆಲಸ. ಚೀಟಿಯ ಲೆಕ್ಕವೆಲ್ಲ ನೂರು ರೂಪಾಯಿಗಳಲ್ಲಿ, ಹತ್ತು ಎಂದರೆ ಸಾವಿರ. ಹದಿನಾಲ್ಕಕ್ಕೆ ನಾಲ್ಕು ಜನವೂ ಎಂಬತ್ತರ ಆಸುಪಾಸು ಬರೆದಿದ್ದರು. ಕಾಲುಚೀಲ ಬಿಚ್ಚಿದರೆ ಐದನೇ ದರ್ಜೆ, ಅಂಗಡಿಯ ಬೆಲೆ ಮೂವತ್ತೆಂಟು. ಅಡುಗೆಯವರು ಎದ್ದು ನಿಂತು ಬಾಟಲಿಗೆ ಕೈಮುಗಿದರು.

ಒಂಬತ್ತರ ಲಕೋಟೆಗಳು. ಡಾಕ್ಟರು ಮೂವತ್ತೈದು. ಅಡುಗೆಯವರು ನಲವತ್ತು. ನಾನು ಮೂವತ್ತು. ಅತ್ತೆ ತೊಂಬತ್ತೈದು. ಕಾಲುಚೀಲ ಬಿಚ್ಚಿದರು. ಎರಡನೇ ದರ್ಜೆ, ಬೆಲೆ ತೊಂಬತ್ತು. ಇವಳು ‘ಅಪ್ಪನ ತೋಟ’ ಎಂದಳು, ಮೆಲ್ಲಗೆ. ಮಾವನವರಿಗೆ ಪ್ರಾಣವಾಗಿದ್ದ ತೋಟ ಅದು. ಅದರ ಹದಿನೆಂಟು ಪೆಟ್ಟಿಗೆ ನೆಲಮಾಳಿಗೆಯಲ್ಲಿ ಕೂತಿವೆ, ಪ್ರತಿ ವರ್ಷ ಅತ್ತೆಯ ಪಟ್ಟಿಯಲ್ಲಿ ಅದಕ್ಕೊಂದು ಜಾಗ ಇದ್ದೇ ಇತ್ತು. ಮೂವತ್ತು ಎಂದು ಬರೆದ ಚೀಟಿಯನ್ನು ನುಂಗಿಬಿಡೋಣ ಅನಿಸಿತು.

ಡಾಕ್ಟರು ಒಳ್ಳೆಯ ಮನುಷ್ಯ. ಅಮ್ಮನ ಮೂಗಿನ ಮುಂದೆ ನಮ್ಮದು ಯಾವ ಲೆಕ್ಕ, ನಮಗೇ ತಿಳಿದಿಲ್ಲ, ನನ್ನದು ತಿದ್ದಿ ತೊಂಬತ್ತೈದು ಮಾಡಿ ಎಂದರು. ಅಡುಗೆಯವರೂ ತಲೆಯಾಡಿಸಿ ಪೆನ್ನು ಹುಡುಕತೊಡಗಿದರು. ಇನ್ನು ಎರಡು ನಿಮಿಷ ಕಳೆದಿದ್ದರೆ ಒಂಬತ್ತು ಪಟ್ಟಿಯೊಳಗೆ ಬರುತ್ತಿತ್ತು, ಅಂಗಡಿಯ ಗುಟ್ಟೂ ಉಳಿಯುತ್ತಿತ್ತು, ಹದಿನೆಂಟು ಪೆಟ್ಟಿಗೆಯೂ ಮಾರಾಟವಾಗುತ್ತಿತ್ತು. ಅತ್ತೆ ನನ್ನ ಕಡೆ ನೋಡಿದರು. ಹೇಳುವ ಹಕ್ಕು ನನಗಿರಲಿಲ್ಲ, ನನ್ನ ಮೂವತ್ತರ ಚೀಟಿಯನ್ನು ಇದ್ದ ಹಾಗೆಯೇ ಮೇಜಿನ ಮೇಲೆ ಬಿಟ್ಟೆ.

‘ತಿದ್ದಬೇಡಿ. ನನಗೆ ಫೆಬ್ರವರಿಯಿಂದ ವಾಸನೆ ಗೊತ್ತಾಗಲ್ಲ. ಬಾಯಿಗೆ ಹಾಕ್ಕೊಂಡ ತಕ್ಷಣ ಒಗರಿನಲ್ಲೇ ಗುರುತು ಸಿಕ್ತು, ಇದು ಅವರ ತೋಟ ಅಂತ. ನಾನು ಬರೆದದ್ದು ವೈನಿನ ಬೆಲೆ ಅಲ್ಲ, ಅವರ ನೆನಪಿನ ಬೆಲೆ. ಗಿರಾಕಿಗಳು ಅದಕ್ಯಾಕೆ ದುಡ್ಡು ಕೊಡ್ಬೇಕು? ಒಂಬತ್ತನ್ನ ತೆಗೆದುಹಾಕಿ.’

ಅಡುಗೆಯವರು ಪೆನ್ನು ಹುಡುಕುವುದನ್ನು ಬಿಟ್ಟರು. ಆಮೇಲೆ ಅತ್ತೆ ನನ್ನನ್ನು ತೋರಿಸಿ, ‘ಬೆಳಿಗ್ಗೆಯಿಂದ ನನಗೆ ಮೂಗಾಗಿದ್ದವನು ಇವನು’ ಎಂದರು. ಡಾಕ್ಟರು ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು.

‘ಏಪ್ರಿಲ್‌ನಲ್ಲೇ ಒಂದು ಮಾತು ಹೇಳಬಾರ್ದಾ ಅಮ್ಮ? ನನ್ನ ನಾಲಿಗೇನೇ ಕೆಟ್ಟಿದೆ ಅಂದ್ಕೊಂಡು ಮೂರು ತಿಂಗಳು ಔಷಧಿ ತಗೊಂಡೆ!’

ಮೊದಲು ಅಡುಗೆಯವರು ನಕ್ಕರು, ಆಮೇಲೆ ಎಲ್ಲರೂ.

ಅವರೆಲ್ಲ ಹೋದ ಮೇಲೆ ಇವಳ ಮುಂದೆ ಅಪರಾಧಿಯ ಹಾಗೆ ನಿಂತೆ. ಗುಟ್ಟು ಮುಚ್ಚಿಟ್ಟದ್ದಕ್ಕೆ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಮಾರ್ಚ್‌ನಿಂದಲೇ ಗೊತ್ತಿತ್ತಂತೆ. ತಾನು ಸೆಂಟು ಹಾಕಿಕೊಂಡು ಬಂದರೂ ಅಮ್ಮ ಬೈಯಲಿಲ್ಲವಲ್ಲ, ಆಗಲೇ ತಿಳಿಯಿತು ಎಂದಳು. ‘ಪ್ಲಂಬರ್ ಹೇಳಿದ್ದು ಮೂರೇ ವಾರ ಕಣ್ರೀ. ಆರು ಅಂದದ್ದು ನಾನು. ಅಮ್ಮನ ಹತ್ತಿರ ಇರೋಣ ಅಂತ ಬಂದೆ. ಕಂಡಕಂಡಲ್ಲೆಲ್ಲ ಮೂಗು ತೂರಿಸೋ ನಿಮಗೆ ಇಲ್ಲೊಂದು ಕೆಲಸ ಸಿಗುತ್ತೆ ಅಂತ ನಂಗೇನು ಗೊತ್ತು?’

ಹತ್ತೊಂಬತ್ತು ವರ್ಷ ಸಂಸಾರ ಮಾಡಿದ್ದೇನೆ, ಇವಳು ಯಾವ ದರ್ಜೆ ಎಂದು ಇನ್ನೂ ತಿಳಿದಿಲ್ಲ.

ಅಕ್ಟೋಬರ್ 11, ಶನಿವಾರ

ಹಾಳೆ ಅಚ್ಚಾಗಿ ಬಂತು. ಮೇಲ್ಗಡೆಯೇ ಅತ್ತೆ ನಾಲ್ಕು ಸಾಲು ಬರೆಸಿದ್ದಾರೆ: ಏಪ್ರಿಲ್ ಪಟ್ಟಿಯನ್ನು ವಾಸನೆ ತಿಳಿಯದೆ ಮಾಡಿದ್ದು ತಪ್ಪು, ಬೇಡವಾದವರು ಬಾಟಲಿ ವಾಪಸ್ ತಂದು ಬೇರೆ ಒಯ್ಯಬಹುದು ಎಂದು. ಅಂಗಡಿ ಮುಳುಗಿತು ಎಂದೇ ನಾನು ಅಂದುಕೊಂಡಿದ್ದೆ. ಬಾಗಿಲು ತೆಗೆಯುವ ಹೊತ್ತಿಗೆ ಹದಿನೇಳು ಜನ ಕಾದಿದ್ದರು. ವಾಪಸ್ ತಂದವರು ಇಬ್ಬರು. ಅವರೂ ಬಾಟಲಿ ಕೊಟ್ಟು, ಅತ್ತೆಯ ಆರೋಗ್ಯ ವಿಚಾರಿಸಿ, ಹದಿನಾಲ್ಕನೆಯದನ್ನು ಎರಡೆರಡು ಪೆಟ್ಟಿಗೆ ಕೊಂಡು ಹೋದರು. ಹದಿನಾಲ್ಕು ಸಂಜೆಯೊಳಗೆ ಖಾಲಿ. ಅಂಗಡಿ ಮುಚ್ಚುವ ಮಾತನ್ನು ಅತ್ತೆ ಎತ್ತಲಿಲ್ಲ. ಮುಂದಿನ ಏಪ್ರಿಲ್ ಪಟ್ಟಿಗೆ ಬಾಟಲಿ ತರಿಸಲು ಪತ್ರ ಬರೆಯುತ್ತಿದ್ದರು.

ಹಾಳೆಯ ಕೊನೆಯಲ್ಲಿ ನಲವತ್ತು ವರ್ಷದಿಂದ ‘ಆಯ್ಕೆ: ಅಂಗಡಿ ಅಮ್ಮ’ ಎಂದಿರುತ್ತಿತ್ತು. ಈ ಸಲ ‘ನಾಲಿಗೆ: ಅಂಗಡಿ ಅಮ್ಮ. ಮೂಗು: ಅಳಿಯ’ ಎಂದಿದೆ. ಒಂದು ಪ್ರತಿಯನ್ನು ಆಸ್ಪತ್ರೆಗೆ ಒಯ್ಯಬೇಕು. ಸ್ಟೋರ್ ಕೀಪರ್‌ಗೆ ತೋರಿಸದೆ ಬಿಡುವುದಿಲ್ಲ.

ಅಕ್ಟೋಬರ್ 18, ಶನಿವಾರ

ಪ್ಲಂಬರ್ ಮೂರನೇ ಸಲ ಫೋನ್ ಮಾಡಿ, ಬೀಗದಕೈ ತಗೊಳ್ಳಿ ಸಾರ್ ಎಂದು ಗೋಗರೆದ ಮೇಲೆ ಇವತ್ತು ನಮ್ಮ ಮನೆಗೆ ಬಂದೆವು. ನಲ್ಲಿಗಳಲ್ಲೆಲ್ಲ ನೀರು ಚೆನ್ನಾಗಿ ಬರುತ್ತಿದೆ. ಮನೆ ಯಾಕೋ ದೊಡ್ಡದಾಗಿ ಕಾಣುತ್ತಿದೆ, ಏನೂ ವಾಸನೆಯಿಲ್ಲ.

ಹೊರಡುವಾಗ ಅತ್ತೆ ಕಾಲುಚೀಲ ತೊಡಿಸಿದ ಒಂದು ಬಾಟಲಿಯನ್ನೂ ಅಂಟಿಸಿದ ಒಂದು ಲಕೋಟೆಯನ್ನೂ ಕೈಗಿಟ್ಟರು. ಮೊದಲು ನಿನ್ನ ಚೀಟಿ ಬರೆ, ಆಮೇಲೆ ಲಕೋಟೆ ಒಡಿ, ಮೋಸ ಮಾಡಿದರೆ ನನಗೆ ಗೊತ್ತಾಗುತ್ತದೆ ಎಂದರು.

ಸಾಮಾನು ಬಿಚ್ಚುವ ಮೊದಲೇ ಬಾಟಲಿ ಬಿಚ್ಚಿದೆವು. ಮೂಸಿದ ಕೂಡಲೇ ಗುರುತು ಹಿಡಿದೆ. ಒಂಬತ್ತು. ಮಾವನವರ ತೋಟ. ಅದೇ ಖಾಲಿ. ನಾನು ಪ್ರಾಮಾಣಿಕವಾಗಿ ಮೂವತ್ತು ಎಂದು ಬರೆದೆ. ಇವಳು ಒಂದು ಗುಟುಕು ಕುಡಿದು ಕಿಟಕಿಯ ಕಡೆ ತಿರುಗಿ ನಿಂತಳು. ಹದಿನೆಂಟು ಪೆಟ್ಟಿಗೆಯನ್ನೂ ಅಮ್ಮ ಮಾರಾಟದಿಂದ ತೆಗೆದಿದ್ದಾರೆ, ಇನ್ನು ಅದು ಮನೆಯವರಿಗೆ ಮಾತ್ರವಂತೆ ಎಂದಳು. ಲಕೋಟೆ ಒಡೆದೆ. ಅತ್ತೆಯ ದುಂಡಗಿನ ಅಕ್ಷರ.

‘ಬೆಲೆ: ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಂದು ಬಾಟಲಿಯಲ್ಲಿ ಏನಿದೆ ಅಂತ ನನಗೆ ಹೇಳ್ಬೇಕು. ಚೌಕಾಸಿ ಇಲ್ಲ.’

ಎರಡು ಸಲ ಓದಿದೆ. ಮೂವತ್ತರ ಮಾಲಿಗೆ ಇದು ವಿಪರೀತ ದುಬಾರಿ, ಬೇರೆ ಎರಡು ಕಡೆಯಿಂದಲೂ ದರಪಟ್ಟಿ ತರಿಸಬೇಕು ಎಂದೆ. ಇವಳು ಗ್ಲಾಸು ಮುಂದೆ ಹಿಡಿದಳು, ಇಬ್ಬರಿಗೂ ಇನ್ನೊಂದಿಷ್ಟು ಬಗ್ಗಿಸಿದೆ.

ಹತ್ತು ಗಂಟೆ ಎಂದರೆ ಇಲ್ಲಿಂದ ಒಂಬತ್ತಕ್ಕೇ ಹೊರಡಬೇಕು. ಸೋಪಿನ ಸ್ನಾನವನ್ನು ಶುಕ್ರವಾರ ಬೆಳಿಗ್ಗೆಯೇ ಮುಗಿಸಿಕೊಂಡುಬಿಡಬೇಕು.